ಸುಮ್ಮನಿದ್ದ ಡೈರೆಕ್ಟರ್

ಚಾಮರಾಜನಗರದಿಂದ ತೆರಕಣಾಂಬಿ ಹಾದು ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅನ್ನು ಮತ್ತೆ ಓದಿದೆ. ಸಂಶೋಧನೆಗಾಗಿ ಈಚೆಗೆ ಕಂಪನಿ ಕಾನೂನನ್ನೂ ಓದುತ್ತಿರುವುದರಿಂದಲೋ ಏನೋ, ಈ ಸಲ ಅದು ಬರೀ ಸಂಸಾರದ ಕತೆಯಾಗಿ ಕಾಣಲಿಲ್ಲ.

ನಿರೂಪಕ ಮನೆಯವರದೇ ಆದ ಸೋನಾ ಮಸಾಲಾದ ಡೈರೆಕ್ಟರ್. ಕೆಲಸವಿಲ್ಲ, ಸಂಬಳವಿದೆ. ವ್ಯವಹಾರವೆಲ್ಲ ಚಿಕ್ಕಪ್ಪನದು. ಚಿಕ್ಕಪ್ಪನನ್ನು ಹುಡುಕಿ ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವಾಗಲೂ ಇವನು ಸುಮ್ಮನಿರುತ್ತಾನೆ. ಈ ಮೌನವನ್ನು ನಾನು ಇಲ್ಲಿಯವರೆಗೆ ಪುಕ್ಕಲುತನ ಎಂದಷ್ಟೇ ಓದಿದ್ದೆ.

ಗೌರವಸ್ಥರು ತಮ್ಮ ವೃತ್ತಿಯ ಒಳಗೇ ಮಾಡುವ ಅಪರಾಧಕ್ಕೆ 1939ರಲ್ಲಿ ‘ವೈಟ್ ಕಾಲರ್’ ಎಂಬ ಹೆಸರು ಕೊಟ್ಟವನು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್. ಈ ಕತೆ ಪ್ರಕಟವಾದ 2013ರಲ್ಲೇ ಬಂದ ನಮ್ಮ ಕಂಪನಿ ಕಾಯ್ದೆ ಅಂಥ ಅಪರಾಧದಲ್ಲಿ ಮೌನವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಮಂಡಳಿಯ ನಡಾವಳಿಯಿಂದ ತಪ್ಪು ತಿಳಿದೂ ಆಕ್ಷೇಪಿಸದ ನಿರ್ದೇಶಕ ಅದರ ಕಣ್ಣಿಗೆ ತಪ್ಪಿತಸ್ಥ. ಆದರೆ ಅವನಿಗೆ ತಿಳಿದಿತ್ತು ಎಂಬುದಕ್ಕೆ ಪುರಾವೆ ಬೇಕು. ಶಾನಭಾಗರ ಕತೆ ಕಾಯ್ದೆಗಿಂತ ಮುಂದೆ ಹೋಗುವುದು ಇಲ್ಲಿ. ಊಟ, ಚಹಾದ ನಡುವಿನ ಮನೆಮಾತೇ ಅಲ್ಲಿ ಮಂಡಳಿ ಸಭೆ. ಅದಕ್ಕೆ ನಡಾವಳಿ ಪುಸ್ತಕವಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದನ್ನು ಒಂದು ಕುಟುಂಬ ಹೇಗೆ ರೂಢಿಸಿಕೊಳ್ಳುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ನನ್ನ ತಕರಾರು ಬೇರೆ. ಯಶವಂತ ಚಿತ್ತಾಲರ ‘ಶಿಕಾರಿ’ಯಲ್ಲಿ (1979) ಮುಂಬಯಿಯ ಕಂಪನಿಯಿಂದ ಅಮಾನತಾಗಿ ವಿಚಾರಣೆಗೆ ಸಿಕ್ಕ ನಾಗಪ್ಪನಾಗಲಿ, ಸೋನಾ ಮಸಾಲಾದ ನಿರೂಪಕನಾಗಲಿ ಕಂಪನಿಯ ಒಳಗಿನವರು. ಆ ಹಣದ ಭಾರ ಬೀಳುವ ಹೊರಗಿನವರು ನಮ್ಮ ಈ ಕತೆಗಳಲ್ಲಿ ಬಾಗಿಲ ತನಕ ಬಂದು ಹಿಂತಿರುಗುತ್ತಾರೆ.

ಚಾಮರಾಜನಗರದ ಕರಿಕಲ್ಲು ಹೆಸರಾದದ್ದು. ಗುಂಡ್ಲುಪೇಟೆ ಹತ್ತಿರದ ಮಡಹಳ್ಳಿಯಲ್ಲಿ 2022ರ ಮಾರ್ಚಿನಲ್ಲಿ ಕ್ವಾರಿಯ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ಅದರಲ್ಲಿ ಯಾರ ತಪ್ಪೆಷ್ಟು ಎಂದು ತೀರ್ಮಾನಿಸುವುದು ನ್ಯಾಯಾಲಯ. ಆದರೆ ಗುಡ್ಡದ ಕೆಳಗೆ ನಿಂತವನ ಕಡೆಯಿಂದ ಕಂಪನಿಯನ್ನು ನೋಡುವ ಕಾದಂಬರಿ ಎಲ್ಲಿದೆ ಎಂದು ಕೇಳುವುದು ವಿಮರ್ಶೆಯ ಕೆಲಸ.

ಹೀಗೆ ಕೇಳುವ ನಾನೂ ಹೊರಗಿನವನಲ್ಲ. ನನ್ನ ಡಿಗ್ರಿಯ ಫೀಸು ಕಟ್ಟಿದ್ದು ಕ್ವಾರಿಗೆ ಲಾರಿ ಓಡಿಸುತ್ತಿದ್ದ ಮಾವ. ಪರ್ಮಿಟ್ಟಿನಲ್ಲಿ ಎಷ್ಟು ಟನ್ನು, ಲಾರಿಯಲ್ಲಿ ಎಷ್ಟು ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಮೂರು ವರ್ಷವೂ ಫೀಸಿನ ರಸೀದಿ ಮಾತ್ರ ಜೋಪಾನವಾಗಿ ಇಟ್ಟುಕೊಂಡೆ.