ಕಡಲೆ ಪಕ್ಷದವರಿಗೆ ಒಂದು ಮಾತು

ಈ ಸಲ ಕೈರೋ ಬೀದಿಯ ಸ್ಯಾಂಡ್‌ವಿಚ್. ಲೆಬನಾನ್, ಪ್ಯಾಲೆಸ್ತೀನಿನವರು ಫಲಾಫೆಲ್ ಎಂಬ ಕರಿದ ವಡೆಗೆ ಕಾಬೂಲಿ ಕಡಲೆ ಹಾಕುತ್ತಾರೆ. ಅದು ಅವರ ಪದ್ಧತಿ, ತಕರಾರಿಲ್ಲ. ಆದರೆ ಅದನ್ನೇ ಈಜಿಪ್ಟಿನದೆಂದು ಬಡಿಸಿದರೆ ನಾನು ಒಪ್ಪುವವನಲ್ಲ. ಕೈರೋದ ಫಲಾಫೆಲ್ ಅಂದರೆ ತಮೇಯಾ, ಅದಕ್ಕೆ ಸಿಪ್ಪೆ ತೆಗೆದ ಒಣ ಫಾವಾ ಕಾಳೇ ಬೇಕು. ರಾತ್ರಿ ನೆನೆಹಾಕಿ, ಬೇಯಿಸದೆ, ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಸಬ್ಬಸಿಗೆ ಸೊಪ್ಪಿನ ಜೊತೆ ರುಬ್ಬಬೇಕು. ಮೇಲೆ ಎಳ್ಳು ಒತ್ತಿ ಕರಿದದ್ದನ್ನು ಮುರಿದರೆ ಹೊರಗೆ ಕಂದು ಗರಿ, ಒಳಗೆ ಅಪ್ಪಟ ಹಸಿರು.

ಅದನ್ನು ತುಂಬುವುದು ಹೊಟ್ಟು ಬೆರೆತ ಗೋಧಿಯ ಬಲದಿ ರೊಟ್ಟಿಯೊಳಗೆ. ಅಲ್ಲಿನ ಸರ್ಕಾರ ಸಬ್ಸಿಡಿ ಕೊಡುತ್ತ ಬಂದದ್ದು ಈ ರೊಟ್ಟಿಗೇ. 1977ರ ಜನವರಿಯಲ್ಲಿ ಅಧ್ಯಕ್ಷ ಸಾದತ್ ಸರ್ಕಾರ ಆಹಾರದ ಸಬ್ಸಿಡಿಗೆ ಕೈಹಾಕಿ, ಜನ ಬೀದಿಗಿಳಿದ ಮೇಲೆ ಹಿಂದೆ ಸರಿಯಿತು. ಸಬ್ಸಿಡಿ ರೊಟ್ಟಿಯ ಬೆಲೆ ಮೂರು ದಶಕಕ್ಕೂ ಹೆಚ್ಚು ಕಾಲ 5 ಪಿಯಾಸ್ಟರಿನಲ್ಲೇ ನಿಂತು, 20ಕ್ಕೆ ಏರಿದ್ದು 2024ರ ಜೂನ್‌ನಲ್ಲಿ. ಅಗ್ಗದ ರೊಟ್ಟಿ, ಅಗ್ಗದ ಕಾಳು: ದುಡಿಯುವವರ ಬೆಳಗಿನ ಹೊಟ್ಟೆಯನ್ನು ಕಾಯುವ ತಿಂಡಿ ಇದು.

ದುಡಿಯುವವರ ಕಾಳು ಅಂದಮೇಲೆ ಕೈರೋ ಅಲ್ಲಿಗಿರಲಿ, ಹನೂರು ಸೀಮೆಯ ನಮ್ಮ ಶಾಗ್ಯದ ಕಡೆಗೆ ಬರೋಣ. ನಮ್ಮಲ್ಲಿ ರಾಗಿಗೆ ಅವರೆಯೇ ಅಕ್ಕಡಿ. ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ನಾನು ಮತ್ತೆ ಮತ್ತೆ ಓದುವುದು ಅದು ದುಡಿಯುವವರ ರಾಗಿಯ ಕತೆ ಅಂತಲೇ. ರಾಗಿ, ಭತ್ತ ತಾನು ಹೆಚ್ಚು ತಾನು ಹೆಚ್ಚು ಎಂದು ಜಗಳಕ್ಕೆ ಬಿದ್ದಾಗ ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಭತ್ತ ಕಳೆಗುಂದಿತು, ನರೆದಲೆಗ, ಅಂದರೆ ರಾಗಿ, ಗಟ್ಟಿಯಾಗಿ ಉಳಿಯಿತು. ಉಳ್ಳವರ ಪಂಕ್ತಿಯಲ್ಲಿ ಎಲೆ ಸಿಗದ ಧಾನ್ಯಕ್ಕೆ ರಾಮನ ಹೆಸರೇ ಸಿಕ್ಕಿತು. ಅಷ್ಟು ಮರ್ಯಾದೆ ರಾಗಿಯ ಪಕ್ಕದ ಸಾಲಿನ ಅವರೆಗೂ ಸಲ್ಲಬೇಕು.

ಸೊಗಡಿನ ಅವರೆಯನ್ನು ನೆನೆಹಾಕಿ ಹೆಬ್ಬೆರಳು ತೋರುಬೆರಳ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಹಸಿರು ಬೇಳೆ ಚಿಮ್ಮುತ್ತದೆ. ಅದಕ್ಕೆ ನಮ್ಮ ಹೆಣ್ಣುಮಕ್ಕಳು ಸೇರಿಸುವುದೂ ಸಬ್ಬಸಿಗೆಯನ್ನೇ. ಅವರೆ, ಫಾವಾ ಒಂದೇ ಕುಲದವಲ್ಲ. ಆದರೂ ಹಿತುಕಿದ ಬೇಳೆಯ ವಡೆ ತಮೇಯಾಕ್ಕೆ ಕಡಲೆಗಿಂತ ಹತ್ತಿರ. ಹದವೂ ಮಸಾಲೆ ವಡೆಯದೇ: ತರಿತರಿಯಾಗಿ ರುಬ್ಬಬೇಕು, ನೀರು ಸೋಕಿಸಬಾರದು. ಬೇಯಿಸಿದ ಕಾಳಾದರೆ ಎಣ್ಣೆಯಲ್ಲಿ ಬಿಚ್ಚಿಕೊಂಡುಬಿಡುತ್ತದೆ.

ಕೊಳ್ಳೇಗಾಲದಲ್ಲೋ ಹನೂರಿನಲ್ಲೋ ತಮೇಯಾ ಅಂಗಡಿ ತೆರೆಯುವವರು ಕಾಬೂಲಿ ಕಡಲೆಯ ಮೂಟೆ ತರಿಸಬೇಡಿ. ಸುಗ್ಗಿಯಲ್ಲಿ ಸಂತೆಗೆ ಹೋಗಿ ಅವರೆ ಕೊಳ್ಳಿ, ಬಿಸಿ ರಾಗಿ ರೊಟ್ಟಿಯಲ್ಲಿ ವಡೆ ಇಟ್ಟು ಮಡಚಿ, ಹುಚ್ಚೆಳ್ಳಿನ ಚಟ್ನಿ ಸವರಿ ಕೊಡಿ. ಮೊದಲ ಗಿರಾಕಿ ನಾನೇ.