ಅಕೇಡಿಯನ್ನರ ದೇಶಭ್ರಂಶವೂ ಚಲಚ್ಚಿತ್ರಗಳಲ್ಲಿ ಅದರ ರಸಪರಿಣಾಮವೂ

ಇತಿಹಾಸದಿಂದ ವಸ್ತುವನ್ನು ತೆಗೆದುಕೊಂಡ ಕವಿಗೆ ಅದನ್ನು ರಸಾನುಗುಣವಾಗಿ ಮಾರ್ಪಡಿಸುವ ಅಧಿಕಾರವುಂಟೆಂದು ಆನಂದವರ್ಧನಾಚಾರ್ಯನು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಒಪ್ಪಿರುವನು. ಔಚಿತ್ಯವು ಕೆಟ್ಟಲ್ಲಿ ರಸವೂ ಕೆಡುವುದೆಂದು ಅಲ್ಲಿಯೇ ಎಚ್ಚರಿಸಿಯೂ ಇರುವನು. ಈ ಎರಡು ಮಾತುಗಳ ನಡುವಣ ಎಲ್ಲೆ ಎಲ್ಲಿರುವುದೆಂಬುದು ಸುಲಭವಾದ ಪ್ರಶ್ನೆಯಲ್ಲ. ಕಥಾವಸ್ತುವಾದ ಜನರ ಸಂತತಿಯು ಇನ್ನೂ ಬದುಕಿದ್ದು, ತನ್ನ ಚಿತ್ರವನ್ನು ತಾನೇ ನೋಡುವಂತಿದ್ದರೆ ಆ ಪ್ರಶ್ನೆಗೆ ಮತ್ತಷ್ಟು ಗುರುತ್ವವು ಬರುವುದು. ಉತ್ತರ ಅಮೆರಿಕೆಯ ಅಕೇಡಿಯನ್ನರೂ, ಅವರಿಂದ ಕವಲೊಡೆದ ಲೂಯಿಸಿಯಾನಾದ ಕೇಜನ್ನರೂ ಚಲಚ್ಚಿತ್ರಗಳಲ್ಲಿ ನಿರೂಪಿತರಾಗಿರುವ ಬಗೆಯು ಈ ವಿಚಾರಕ್ಕೆ ತಕ್ಕ ಉದಾಹರಣೆ.

ಮೊದಲು ಇತಿವೃತ್ತ. ೧೬೦೪ರಿಂದ ಫ್ರೆಂಚರು ಈಗಿನ ಕೆನಡದ ಪೂರ್ವತೀರದಲ್ಲಿ ನೆಲೆಸತೊಡಗಿದರು. ಆ ನಾಡಿಗೆ ಅಕೇಡಿಯಾ ಎಂದು ಹೆಸರಾಯಿತು. ಸಮುದ್ರದ ಉಪ್ಪುನೀರು ನುಗ್ಗುವ ಜವುಗುನೆಲಕ್ಕೆ ಒಡ್ಡುಗಳನ್ನು ಕಟ್ಟಿ, ಅದನ್ನು ಫಲವತ್ತಾದ ಹೊಲವನ್ನಾಗಿ ಮಾಡಿದುದು ಆ ಜನರ ದೊಡ್ಡ ಸಾಧನೆ. ೧೭೧೩ರ ಉಟ್ರೆಕ್ಟ್ ಕೌಲಿನಿಂದ ಆ ಸೀಮೆಯ ಬಹುಭಾಗವು ಇಂಗ್ಲಿಷರ ವಶವಾಯಿತು. ಇಂಗ್ಲಿಷ್ ದೊರೆಗೆ ನಿರುಪಾಧಿಕವಾದ ನಿಷ್ಠೆಯ ಪ್ರತಿಜ್ಞೆಯನ್ನು ಮಾಡಲೊಪ್ಪದವರನ್ನು ೧೭೫೫ರಲ್ಲಿ ಗಡೀಪಾರು ಮಾಡತೊಡಗಿದರು. ಆ ವರ್ಷದ ಸೆಪ್ಟೆಂಬರ್ ೫ರಂದು ಗ್ರಾಂ ಪ್ರೇ ಗ್ರಾಮದ ದೇವಾಲಯದಲ್ಲಿ ಗಂಡಸರನ್ನು ಕೂಡಿಸಿ, ಜಾನ್ ವಿನ್‌ಸ್ಲೋ ಎಂಬ ಸೇನಾಧಿಕಾರಿಯು ಆಜ್ಞೆಯನ್ನು ಓದಿಸಿದನು. ೧೭೬೩ರ ವರೆಗೆ ಹತ್ತು ಸಾವಿರಕ್ಕೂ ಮಿಕ್ಕ ಜನರು ಹೀಗೆ ನೆಲೆಗೆಟ್ಟರು. ಹಡಗುಗಳಲ್ಲಿಯೂ ರೋಗರುಜಿನಗಳಿಂದಲೂ ಸತ್ತವರು ಅನೇಕರು. ಇವರನ್ನು ಇಂಗ್ಲಿಷರು ಲೂಯಿಸಿಯಾನಾಕ್ಕೆ ಕಳುಹಿಸಿದರೆಂಬುದು ತಪ್ಪು ತಿಳಿವಳಿಕೆ. ಇಂಗ್ಲಿಷ್ ವಸಾಹತುಗಳಲ್ಲಿಯೂ ಇಂಗ್ಲೆಂಡ್, ಫ್ರಾನ್ಸ್ ದೇಶಗಳಲ್ಲಿಯೂ ಅಲೆದವರಲ್ಲಿ ಕೆಲವರು ೧೭೬೪ರಿಂದ ಈಚೆಗೆ ತಾವಾಗಿಯೇ ಅಲ್ಲಿಗೆ ಬಂದರು. ೧೭೮೫ರಲ್ಲಿ ಏಳು ಹಡಗುಗಳಲ್ಲಿ ಸುಮಾರು ೧,೬೦೦ ಮಂದಿ ಫ್ರಾನ್ಸಿನಿಂದ ಬಂದಿಳಿದರು. 'ಅಕೇಡಿಯನ್' ಎಂಬ ಮಾತೇ ಸವೆದು 'ಕೇಜನ್' ಆಯಿತು.

ಈ ವೃತ್ತಾಂತವು ಲೋಕಪ್ರಸಿದ್ಧವಾದುದು ಇತಿಹಾಸಕಾರರಿಂದಲ್ಲ, ೧೮೪೭ರಲ್ಲಿ ಪ್ರಕಟವಾದ ಲಾಂಗ್‌ಫೆಲೋ ಕವಿಯ 'ಇವಾಂಜಲೀನ್' ಕಾವ್ಯದಿಂದ. ವಿವಾಹಕ್ಕೆ ಸಿದ್ಧಳಾದ ಕನ್ಯೆಯು ಗಡೀಪಾರಿನ ಗೊಂದಲದಲ್ಲಿ ತನ್ನ ವರನಾದ ಗೇಬ್ರಿಯಲನಿಂದ ಅಗಲಿ, ಜೀವಮಾನವೆಲ್ಲ ಅವನನ್ನು ಅರಸಿ, ಕಡೆಗೆ ಫಿಲಡೆಲ್ಫಿಯಾದಲ್ಲಿ ಮರಣಶಯ್ಯೆಯಲ್ಲಿ ಕಾಣುವಳು. ನಾಯಕಿಯು ಕವಿಕಲ್ಪಿತೆ. ವಿಪ್ರಲಂಭಕ್ಕೆ ಹೇಳಿರುವ ಹೇತುಗಳಲ್ಲಿ ಪ್ರವಾಸವೂ ಒಂದಷ್ಟೆ. ಇಲ್ಲಿ ಒಂದು ಜನಾಂಗದ ದೇಶಭ್ರಂಶವೇ ಇಬ್ಬರ ವಿರಹಕ್ಕೆ ಪ್ರವಾಸರೂಪವಾದ ಹೇತುವಾಗಿದೆ. ವಿಪ್ರಲಂಭವು ಸಾಪೇಕ್ಷಭಾವವೆಂದೂ ಕರುಣವು ನಿರಪೇಕ್ಷಭಾವವೆಂದೂ ಭರತಮುನಿಯು ವಿಂಗಡಿಸಿರುವನು. ಅಂದರೆ ಮೊದಲನೆಯದರಲ್ಲಿ ಪುನಸ್ಸಮಾಗಮದ ಆಸೆಯುಂಟು, ಎರಡನೆಯದರಲ್ಲಿ ಇಲ್ಲ. ಇವಾಂಜಲೀನಳಿಗೆ ಆಸೆಯಿತ್ತು. ಸುಟ್ಟುಹೋದ ಮನೆಗಳ, ಪರರ ಪಾಲಾದ ಹೊಲಗಳ ಒಡೆಯರಿಗೆ ಇದ್ದುದು ಬಹುಮಟ್ಟಿಗೆ ನಿರಪೇಕ್ಷವಾದ ಶೋಕ. ಕಾವ್ಯದಲ್ಲಿ ಈ ಶೋಕವು ಅಂಗವಾಗಿ, ವಿರಹವು ಅಂಗಿಯಾಗಿ ನಿಂತಿತು.

ಚಲಚ್ಚಿತ್ರವು ಕಾವ್ಯದ ಈ ವ್ಯವಸ್ಥೆಯನ್ನೇ ಸ್ವೀಕರಿಸಿತು. ೧೯೧೩ರಲ್ಲಿ ಹ್ಯಾಲಿಫ್ಯಾಕ್ಸಿನ ಸಂಸ್ಥೆಯೊಂದು ತಯಾರಿಸಿದ 'ಇವಾಂಜಲೀನ್' ಕೆನಡದ ಮೊದಲ ಪೂರ್ಣಕಥಾಚಿತ್ರವೆಂದು ಎಣಿಸಲ್ಪಟ್ಟಿದೆ. ಅದು ಈಗ ಉಳಿದಿಲ್ಲ. ೧೯೧೯ರಲ್ಲಿ ರೌಲ್ ವಾಲ್ಷನು ಅದೇ ಕಥೆಯನ್ನು ತೆಗೆದನು, ಅದೂ ನಷ್ಟವಾಗಿದೆ. ೧೯೨೯ರಲ್ಲಿ ಎಡ್ವಿನ್ ಕರೂವನು ನಿರ್ದೇಶಿಸಿದ, ಮೆಕ್ಸಿಕೋದ ನಟಿ ಡೊಲೊರೆಸ್ ಡೆಲ್ ರಿಯೋ ನಾಯಕಿಯಾಗಿರುವ ಚಿತ್ರವು ಉಳಿದಿದೆ. ಇದರ ಪರಿಣಾಮವು ವಿಚಿತ್ರವಾದುದು. ಲೂಯಿಸಿಯಾನಾದ ಸೇಂಟ್ ಮಾರ್ಟಿನ್‌ವಿಲ್ ಊರಿನಲ್ಲಿ ೧೯೩೧ರಲ್ಲಿ ಇವಾಂಜಲೀನಳ ಪ್ರತಿಮೆಯನ್ನು ಸ್ಥಾಪಿಸಿದರು; ಆ ಪ್ರತಿಮೆಯ ಮುಖವು ಆ ನಟಿಯದು. ದೇಶವನ್ನು ಕಳೆದುಕೊಂಡ ಜನರು ತಮ್ಮ ದುಃಖಕ್ಕೆ ಒಂದು ರೂಪವನ್ನು ಹುಡುಕಿದಾಗ, ಅಕೇಡಿಯಾವನ್ನು ಕಣ್ಣಿನಿಂದ ಕಾಣದ ಕವಿಯ ಕಲ್ಪನೆಯೂ ಪರದೇಶದ ನಟಿಯ ಮುಖವೂ ಅವರಿಗೆ ದೊರೆತುವು.

ಇಲ್ಲಿ ಒಂದು ಆಕ್ಷೇಪವು ಹುಟ್ಟಬಹುದು. ಹತ್ತು ಸಾವಿರ ಜನರ ದುಃಖವು ವಿಭಾವವಾಗಲಾರದು. ಒಬ್ಬಳ ದುಃಖದ ಮೂಲಕವೇ ಸಹೃದಯನ ಚಿತ್ತವು ದ್ರವಿಸುವುದು. ಆದುದರಿಂದ ಕವಿಯು ಮಾಡಿದುದು ಸರಿಯಲ್ಲವೆ? ಹೌದು, ವ್ಯಕ್ತಿಯ ಮೂಲಕ ರಸವು ನಿಷ್ಪನ್ನವಾಗುವುದು ನಿಜ. ಆದರೆ ವ್ಯಕ್ತಿಯನ್ನು ಆರಿಸುವುದು ಬೇರೆ, ಆ ವ್ಯಕ್ತಿಯ ಜನರನ್ನು ಉದ್ದೀಪನಮಾತ್ರವಾಗಿ ಇಳಿಸುವುದು ಬೇರೆ. ಬೆಳದಿಂಗಳು, ಮಲಯಮಾರುತಗಳ ಸ್ಥಾನದಲ್ಲಿ ಉರಿಯುವ ಗ್ರಾಮವನ್ನು ಇಟ್ಟರೆ, ಅದು ವಿರಹವನ್ನು ಹೆಚ್ಚಿಸುವುದಲ್ಲದೆ, ಗ್ರಾಮವನ್ನು ಸುಟ್ಟವರಾರು, ಏತಕ್ಕೆ ಸುಟ್ಟರೆಂಬ ಪ್ರಶ್ನೆಯನ್ನು ಪ್ರೇಕ್ಷಕನ ಮನಸ್ಸಿನಲ್ಲಿ ಎಬ್ಬಿಸುವುದಿಲ್ಲ.

೧೯೪೮ರಲ್ಲಿ ರಾಬರ್ಟ್ ಫ್ಲಾಹರ್ಟಿಯು ತೆಗೆದ 'ಲೂಯಿಸಿಯಾನಾ ಸ್ಟೋರಿ' ಗುಣದಲ್ಲಿ ಇವೆಲ್ಲಕ್ಕಿಂತ ಮೇಲಾದುದು. ಅದಕ್ಕೆ ವರ್ಜಿಲ್ ತಾಮ್ಸನ್ ರಚಿಸಿದ ಸಂಗೀತಕ್ಕೆ ೧೯೪೯ರ ಪುಲಿಟ್ಜರ್ ಪಾರಿತೋಷಿಕವು ದೊರೆಯಿತು. ಕೇಜನ್ ಬಾಲಕನೊಬ್ಬನು ಸಣ್ಣ ದೋಣಿಯಲ್ಲಿ ಜವುಗಿನ ಕಾಲುವೆಗಳಲ್ಲಿ ಸುಳಿಯುವ ಆರಂಭದೃಶ್ಯದ ಅದ್ಭುತವನ್ನು ಯಾರೂ ಮರೆಯಲಾರರು. ಆ ಪಾತ್ರವನ್ನು ವಹಿಸಿದವನೂ ಅಲ್ಲಿಯ ಬಾಲಕನೇ. ಆದರೆ ಚಿತ್ರದ ವೆಚ್ಚವನ್ನು ಕೊಟ್ಟುದು ನ್ಯೂಜರ್ಸಿಯ ಸ್ಟಾಂಡರ್ಡ್ ಆಯಿಲ್ ಸಂಸ್ಥೆ. ಎಣ್ಣೆಬಾವಿಯ ಉನ್ನತವಾದ ಯಂತ್ರಸ್ತಂಭವು ಜವುಗಿಗೆ ಬಂದು, ಬಾಲಕನ ಸ್ನೇಹವನ್ನು ಗಳಿಸಿ, ಮನೆಗೆ ಹಣವನ್ನು ತಂದು, ಕೆಲಸ ಮುಗಿದ ಮೇಲೆ ಸೌಮ್ಯವಾದ ಅತಿಥಿಯಂತೆ ಹೊರಟುಹೋಗುವುದು. ಆಶ್ರಯದಾತನನ್ನು ಹೊಗಳಿದ ಕವಿಗಳು ಎಲ್ಲೆಡೆಯೂ ಉಂಟು. ಅಷ್ಟರಿಂದಲೇ ಕೃತಿಯು ದುಷ್ಟವಾಗದು. ವಸ್ತುಸ್ಥಿತಿಯು ಮಾತ್ರ ಬೇರೆ. ೧೯೩೨ರಿಂದ ೨೦೧೦ರ ವರೆಗೆ ಲೂಯಿಸಿಯಾನಾದ ತೀರದಲ್ಲಿ ಸುಮಾರು ೧,೯೦೦ ಚದರ ಮೈಲಿಗಳಷ್ಟು ನೆಲವು ನೀರಿನ ಪಾಲಾಯಿತು. ಎಣ್ಣೆಗಾಗಿ ತೋಡಿದ ಕಾಲುವೆಗಳು ಇದಕ್ಕೆ ಕಾರಣಗಳಲ್ಲೊಂದು. ಉಪ್ಪುನೀರಿನಿಂದ ನೆಲವನ್ನು ಗೆದ್ದವರ ಮಕ್ಕಳು ಉಪ್ಪುನೀರಿಗೇ ನೆಲವನ್ನು ಒಪ್ಪಿಸಬೇಕಾಯಿತು. ಚಿತ್ರದ ಶಾಂತಿಯನ್ನು ಇಂದು ನೋಡುವವನಿಗೆ, ನಿರ್ಮಾಪಕನು ಎಣಿಸದಿದ್ದ ಕರುಣವು ಅದರೊಳಗಿಂದ ಧ್ವನಿತವಾಗುವುದು.

ಮೂರನೆಯ ಬಗೆಯು ಭಯಾನಕದ್ದು. ೧೯೮೧ರಲ್ಲಿ ವಾಲ್ಟರ್ ಹಿಲ್ಲನು ತೆಗೆದ 'ಸದರ್ನ್ ಕಂಫರ್ಟ್' ಚಿತ್ರದಲ್ಲಿ ಕವಾಯತಿಗೆ ಬಂದ ಸೈನಿಕರು ಕೇಜನ್ನರ ದೋಣಿಗಳನ್ನು ಅಪಹರಿಸಿ, ಹುಸಿಗುಂಡನ್ನು ಹಾರಿಸಿ, ಬಳಿಕ ಒಬ್ಬೊಬ್ಬರಾಗಿ ಬೇಟೆಗೀಡಾಗುವರು. ತಪ್ಪು ಮೊದಲು ಸೈನಿಕರದೆಂದು ಚಿತ್ರವೇ ತೋರಿಸುವುದು. ಆದರೂ ಭಯದ ಆಶ್ರಯವು ಸೈನಿಕನೇ, ಆಲಂಬನವು ಕೇಜನ್ನನೇ. ಕಡೆಯಲ್ಲಿ ಬರುವ ಗ್ರಾಮೋತ್ಸವದಲ್ಲಿ ಡ್ಯೂಯಿ ಬಾಲ್ಫಾ ಎಂಬ ಪ್ರಸಿದ್ಧ ಪಿಟೀಲುವಾದಕನು ನಿಜವಾದ ಕೇಜನ್ ಸಂಗೀತವನ್ನು ನುಡಿಸುವನು. ಆ ಜನರ ಪರಮಾನಂದದ ಗಳಿಗೆಯು ಪ್ರೇಕ್ಷಕನಿಗೆ ಭಯದ ಗಳಿಗೆಯಾಗಿ ಪರಿಣಮಿಸುವುದು. ಕುಶಲತೆಯು ಇದೆ, ಔಚಿತ್ಯವು ಸಂದಿಗ್ಧ.

ಇವಕ್ಕೆ ಪ್ರತಿಯಾಗಿ ೧೯೮೬ರ 'ಬೆಲಿಜೇರ್ ದ ಕೇಜನ್' ನಿಲ್ಲುವುದು. ನಿರ್ದೇಶಕನಾದ ಗ್ಲೆನ್ ಪಿಟ್ರನು ಸ್ವತಃ ಕೇಜನ್ನನು. ೧೮೫೯ರಲ್ಲಿ ಕೇಜನ್ನರನ್ನು ಊರುಬಿಡಿಸಹೊರಟ ಸಿರಿವಂತರ ದಂಡನೆಯ ತಂಡಗಳು ಇದರ ವಸ್ತು. ನಾಯಕನಾದ ನಾಟಿವೈದ್ಯನು ಬಂಧುವನ್ನು ಉಳಿಸಲೆಂದು ತಾನೇ ಅಪವಾದವನ್ನು ಹೊರುವನು. ಎರಡನೆಯ ದೇಶಭ್ರಂಶದ ಭೀತಿಯು ಇಲ್ಲಿ ಹಾಸ್ಯವೀರಗಳಿಂದ ಎದುರಿಸಲ್ಪಡುವುದು. ಭಾವಕ್ಕೆ ಆಶ್ರಯವು ಆ ಜನರೇ. ದೋಷವಿಲ್ಲವೆಂದಲ್ಲ. ಮಾತು ಬಹುಪಾಲು ಇಂಗ್ಲಿಷು; ನಾಯಕನಟನು ನ್ಯೂಯಾರ್ಕಿನವನು.

ಹಾಗಾದರೆ ಸ್ವಜನರೇ ಸ್ವಜನರ ಕಥೆಯನ್ನು ಹೇಳಬೇಕೆಂಬುದು ಸಿದ್ಧಾಂತವೆ? ಅಲ್ಲ. ೧೯೭೧ರ 'ಲಾಕಾಡಿ, ಲಾಕಾಡಿ?!?' ಎಂಬ ವಾಸ್ತವಚಿತ್ರವನ್ನು ತೆಗೆದ ಪಿಯೆರ್ ಪೆರೋ, ಮಿಷೆಲ್ ಬ್ರೋ ಇಬ್ಬರೂ ಕ್ವಿಬೆಕ್ಕಿನವರು. ಮಾಂಕ್ಟನ್ ನಗರದ ಅಕೇಡಿಯನ್ ವಿದ್ಯಾರ್ಥಿಗಳು ೧೯೬೮ ಮತ್ತು ೧೯೬೯ರಲ್ಲಿ ತಮ್ಮ ನುಡಿಯ ಮಾನ್ಯತೆಗಾಗಿ ಹೂಡಿದ ಹೋರಾಟವನ್ನು ಅವರು ಆ ವಿದ್ಯಾರ್ಥಿಗಳ ಬಾಯಿಂದಲೇ ಕೇಳಿಸಿರುವರು. ತಮ್ಮ ನಾಡು ಇನ್ನೂ ಉಂಟೆ ಎಂಬ ಸಂಶಯವು ಶೀರ್ಷಿಕೆಯ ಪ್ರಶ್ನಚಿಹ್ನೆಯಲ್ಲಿಯೇ ಅಡಗಿದೆ. ಅಲ್ಲಿ ನಾಯಿಕೆಯಿಲ್ಲ, ವಿರಹವಿಲ್ಲ. ಆದರೂ ಶೋಕವು ಸಿದ್ಧಿಸಿದೆ.

ನುಡಿಯ ಮಾತು ಇಲ್ಲಿ ಆಕಸ್ಮಿಕವಲ್ಲ. ೧೯೨೧ರ ಲೂಯಿಸಿಯಾನಾ ರಾಜ್ಯಾಂಗವು ಸಾರ್ವಜನಿಕ ಶಾಲೆಗಳಲ್ಲಿ ಇಂಗ್ಲಿಷಿನಲ್ಲಿಯೇ ಬೋಧಿಸಬೇಕೆಂದು ವಿಧಿಸಿತು. ಫ್ರೆಂಚ್ ಆಡಿದ ಮಕ್ಕಳು ದಂಡನೆಗೊಳಗಾದರು. ಫ್ರೆಂಚ್ ನುಡಿಯ ಏಳಿಗೆಗಾಗಿ ಆ ರಾಜ್ಯವೇ ಒಂದು ಮಂಡಲಿಯನ್ನು ಏರ್ಪಡಿಸಿದುದು ೧೯೬೮ರಲ್ಲಿ. ಈ ನಡುವಣ ಕಾಲದಲ್ಲಿ ಮಾತು ಕಳೆದುಕೊಂಡ ಮಕ್ಕಳಿಗೆ ಪೂರ್ವಜರ ಕಥೆಯು ಅಜ್ಜಿಯ ಬಾಯಿಂದಲ್ಲ, ಬೆಳ್ಳಿತೆರೆಯಿಂದ ಬರುವಂತಾಯಿತು. ಆದುದರಿಂದ ತೆರೆಯ ಮೇಲಿನ ಅನೌಚಿತ್ಯವು ಕೇವಲ ಕಾವ್ಯದೋಷವಾಗಿ ಉಳಿಯದೆ, ಒಂದು ಜನಾಂಗದ ನೆನಪಿಗೆ ತಗಲಿದ ದೋಷವಾಗುವುದು.

ಒಟ್ಟಿನಲ್ಲಿ, ಕೃತಿಕಾರನ ಕುಲವು ಇಲ್ಲಿ ಪ್ರಮಾಣವಲ್ಲ. ಕೃತಿಯಲ್ಲಿ ಜನರಿಗೆ ದೊರೆತ ಸ್ಥಾನವೇ ಪ್ರಮಾಣ. ಉದ್ದೀಪನವಾಗಿ ಇಟ್ಟರೆ ಅವರು ಅಲಂಕಾರವಾಗುವರು. ಆಲಂಬನವಾಗಿ ಮಾತ್ರ ಇಟ್ಟರೆ ವಿಸ್ಮಯಕ್ಕೋ ಭಯಕ್ಕೋ ವಿಷಯವಾಗುವರು. ಆಶ್ರಯವಾಗಿ ಇಟ್ಟಲ್ಲಿಯೇ ಅವರು ಮನುಷ್ಯರಾಗುವರು. ಇತಿಹಾಸವನ್ನು ಮಾರ್ಪಡಿಸುವ ಕವಿಯ ಅಧಿಕಾರಕ್ಕೆ ಎಲ್ಲೆಯು ಇದೇ ಎಂದು ತಿಳಿಯತಕ್ಕದ್ದು.