ಶಿವಲಿಂಗಹಸ್ತವೂ ಕರಸ್ಥಲವೂ
(ಸಂಯುತಹಸ್ತಗಳ ಅರ್ಥವಿಚಾರ)

ವಚನಗಳನ್ನು ಭರತನಾಟ್ಯಕ್ಕೆ ಅಳವಡಿಸಿ ಅಭಿನಯಿಸುವ ಪದ್ಧತಿಯು ಕನ್ನಡ ನಾಡಿನ ರಂಗಮಂಟಪಗಳಲ್ಲಿ ಇಂದು ರೂಢಿಗೆ ಬಂದಿದೆ. ಹಾಡಿನಲ್ಲಿ ಲಿಂಗವೆಂಬ ಮಾತು ಬಂದೊಡನೆ ನರ್ತಕಿಯ ಎಡಗೈ ಅರ್ಧಚಂದ್ರವಾಗಿ ಎದೆಯ ಮುಂದೆ ಹರಡುವುದೂ, ಅದರ ಮೇಲೆ ಬಲಗೈ ಶಿಖರವಾಗಿ ಹೆಬ್ಬೆರಳನ್ನು ಮೇಲಕ್ಕೆತ್ತಿ ನಿಲ್ಲುವುದೂ ಸಾಮಾನ್ಯವಾಗಿ ಕಾಣಬರುತ್ತದೆ. ಇದು ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಉಕ್ತವಾಗಿರುವ ಶಿವಲಿಂಗಹಸ್ತ. ಶಾಸ್ತ್ರದಲ್ಲಿ ಇದಕ್ಕೆ ಆಧಾರವುಂಟು, ಪ್ರೇಕ್ಷಕನಿಗೆ ಒಡನೆ ಅರ್ಥವಾಗುತ್ತದೆ, ನೋಟಕ್ಕೂ ಗಂಭೀರವಾಗಿದೆ. ಆದುದರಿಂದಲೇ ಇದರ ಔಚಿತ್ಯವನ್ನು ಕುರಿತ ಪ್ರಶ್ನೆ ಏಳುವುದು ಅಪರೂಪ. ಆದರೆ ವಚನಕಾರನು ಲಿಂಗವೆಂದಾಗ ಉದ್ದೇಶಿಸುವ ವಸ್ತುವೂ ಈ ಹಸ್ತವು ತೋರಿಸುವ ವಸ್ತುವೂ ಒಂದೇ ಅಹುದೇ ಎಂಬುದು ವಿಚಾರಾರ್ಹವಾದ ವಿಷಯ. ಇದಕ್ಕೆ ಉತ್ತರ ಹೇಳಬೇಕಾದರೆ ಎರಡು ಕೈಗಳು ಕೂಡಿ ಆಡುವ ಭಾಷೆಯ ಸ್ವರೂಪವೇನೆಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ಒಂದೇ ಕೈಯಿಂದ ಅರ್ಥವನ್ನು ಸೂಚಿಸುವ ಹಸ್ತವು ಅಸಂಯುತ. ಎರಡು ಕೈಗಳು ಕೂಡಿ ಒಂದು ಅರ್ಥವನ್ನು ಸೂಚಿಸಿದರೆ ಅದು ಸಂಯುತ. ಭರತಮುನಿಯ ನಾಟ್ಯಶಾಸ್ತ್ರವು ೨೪ ಅಸಂಯುತಹಸ್ತಗಳನ್ನೂ ೧೩ ಸಂಯುತಹಸ್ತಗಳನ್ನೂ ಹೇಳಿ, ಅಂದಕ್ಕಾಗಿಯೇ ಇರುವ ನೃತ್ತಹಸ್ತಗಳನ್ನು ಬೇರೆಯಾಗಿ ಎಣಿಸುತ್ತದೆ. ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ೧೩ನೆಯ ಶತಮಾನದಲ್ಲಿ ರಚಿಸಿದ ಸಂಗೀತರತ್ನಾಕರದ ನರ್ತನಾಧ್ಯಾಯವೂ ಸಂಯುತಹಸ್ತಗಳ ಸಂಖ್ಯೆಯಲ್ಲಿ ಭರತನನ್ನೇ ಅನುಸರಿಸುತ್ತದೆ. ಅಭಿನಯದರ್ಪಣವಾದರೋ ೨೩ ಸಂಯುತಹಸ್ತಗಳನ್ನು ಹೇಳುತ್ತದೆ. ಆನಂದ ಕುಮಾರಸ್ವಾಮಿಯವರು ದುಗ್ಗಿರಾಲ ಗೋಪಾಲಕೃಷ್ಣಯ್ಯನವರೊಡನೆ ೧೯೧೭ರಲ್ಲಿ ಇದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಮನಮೋಹನ ಘೋಷರ ಪರಿಷ್ಕೃತ ಆವೃತ್ತಿಯು ೧೯೩೪ರಲ್ಲಿ ಹೊರಬಂದಿತು. ಭರತನಾಟ್ಯದ ಪಾಠಶಾಲೆಗಳಲ್ಲಿ ಇಂದು ಮಕ್ಕಳು ಬಾಯಿಪಾಠ ಮಾಡುವ ಹಸ್ತಗಳ ಪಟ್ಟಿಯು ಬಹುಮಟ್ಟಿಗೆ ಈ ಗ್ರಂಥದ್ದೇ.

ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಂಜಲಿ, ಕಪೋತ, ಕರ್ಕಟ, ಸ್ವಸ್ತಿಕ, ಡೋಲಾ, ಪುಷ್ಪಪುಟ, ಉತ್ಸಂಗ, ಕಟಕಾವರ್ಧನ ಎಂಬ ೮ ಹಸ್ತಗಳು ಎರಡಕ್ಕೂ ಸಮಾನ. ನಿಷಧ, ಮಕರ, ಗಜದಂತ, ಅವಹಿತ್ಥ, ವರ್ಧಮಾನ ಎಂಬ ೫ ಭರತನಲ್ಲಿ ಮಾತ್ರ ಉಂಟು. ಶಿವಲಿಂಗ, ಕರ್ತರೀಸ್ವಸ್ತಿಕ, ಶಕಟ, ಶಂಖ, ಚಕ್ರ, ಸಂಪುಟ, ಪಾಶ, ಕೀಲಕ, ಮತ್ಸ್ಯ, ಕೂರ್ಮ, ವರಾಹ, ಗರುಡ, ನಾಗಬಂಧ, ಖಟ್ವಾ, ಭೇರುಂಡ ಎಂಬ ೧೫ ನಂದಿಕೇಶ್ವರನಲ್ಲಿ ಹೆಚ್ಚಾಗಿ ಬಂದಿವೆ. ಈ ವ್ಯತ್ಯಾಸವು ಕೇವಲ ಸಂಖ್ಯೆಗೆ ಸಂಬಂಧಿಸಿದುದಲ್ಲ. ಅರ್ಥವನ್ನು ಸೂಚಿಸುವ ರೀತಿಯೇ ಇಲ್ಲಿ ಬದಲಾಗಿದೆ.

ಸಮಾನವಾಗಿರುವ ಹಸ್ತಗಳಲ್ಲಿ ಹೆಸರು ಒಂದಾದರೆ ಅರ್ಥ ಮತ್ತೊಂದು. ಕಪೋತವೆಂದರೆ ಪಾರಿವಾಳ. ಆದರೆ ಅಂಗೈಗಳ ನಡುವೆ ಪೊಳ್ಳು ಬಿಟ್ಟು ಜೋಡಿಸಿದ ಈ ಹಸ್ತಕ್ಕೆ ಅಭಿನಯದರ್ಪಣವು ಹೇಳುವ ವಿನಿಯೋಗಗಳು ನಮಸ್ಕಾರ, ಗುರುಗಳೊಡನೆ ಸಂಭಾಷಣೆ, ವಿನಯದ ಒಪ್ಪಿಗೆ ಇವೇ ಮೊದಲಾದುವು. ಕರ್ಕಟವೆಂದರೆ ಏಡಿ. ಆದರೆ ಬೆರಳುಗಳನ್ನು ಒಂದರೊಳಗೊಂದು ಹೆಣೆದ ಈ ಹಸ್ತವು ಜನಸಮೂಹದ ಆಗಮನವನ್ನೂ, ಮೈಮುರಿಯುವುದನ್ನೂ, ಮರದ ಕೊಂಬೆಯನ್ನು ಬಾಗಿಸುವುದನ್ನೂ ತೋರಿಸಲು ಬಳಕೆಯಾಗುತ್ತದೆ. ಇಲ್ಲಿ ಹೆಸರು ಕೈಯ ಆಕಾರದಿಂದ ಬಂದುದು. ಅರ್ಥವು ಪ್ರಯೋಗದಿಂದ ಹುಟ್ಟುವಂಥದು. ಭರತನ ಅವಹಿತ್ಥಹಸ್ತವು ದೌರ್ಬಲ್ಯ, ನಿಟ್ಟುಸಿರು, ಉತ್ಕಂಠೆಗಳಿಗೆ ಸಲ್ಲುವುದನ್ನು ನೆನೆದರೆ, ಪ್ರಾಚೀನ ಸಂಯುತಹಸ್ತಗಳ ಒಲವು ವಸ್ತುವಿಗಿಂತ ಅವಸ್ಥೆಯ ಕಡೆಗೇ ಹೆಚ್ಚೆಂಬುದು ತಿಳಿಯುತ್ತದೆ.

ನಂದಿಕೇಶ್ವರನಲ್ಲಿ ಹೊಸದಾಗಿ ಕಾಣುವ ಹಸ್ತಗಳಲ್ಲಿ ಹೆಚ್ಚಿನವು ಇದಕ್ಕೆ ವಿರುದ್ಧ. ಶಂಖಹಸ್ತವು ಶಂಖವನ್ನೂ, ಚಕ್ರಹಸ್ತವು ಚಕ್ರವನ್ನೂ, ಮತ್ಸ್ಯಹಸ್ತವು ಮೀನನ್ನೂ, ಗರುಡಹಸ್ತವು ಗರುಡನನ್ನೂ ತೋರಿಸುತ್ತದೆ. ಕಪಿತ್ಥಹಸ್ತಗಳೆರಡನ್ನು ಮಣಿಕಟ್ಟಿನಲ್ಲಿ ಕೂಡಿಸಿದ ಭೇರುಂಡವು ಭೇರುಂಡಪಕ್ಷಿಗಳ ಜೋಡಿಗೆ ಮೀಸಲು. ಇಲ್ಲಿ ಹೆಸರೇ ಅರ್ಥ. ಬಂಡಿಯೆಂಬ ಹೆಸರಿದ್ದರೂ ರಾಕ್ಷಸರ ಅಭಿನಯಕ್ಕೆ ಬಳಕೆಯಾಗುವ ಶಕಟದಂಥವು ಈ ಗುಂಪಿನಲ್ಲಿ ಅಪವಾದಗಳು. ಕಥಾಪ್ರಧಾನವಾದ ಅಭಿನಯದಲ್ಲಿ ದೇವತೆಗಳನ್ನೂ ಅವರ ಆಯುಧವಾಹನಗಳನ್ನೂ ಕ್ಷಣಮಾತ್ರದಲ್ಲಿ ಗುರುತಿಸುವಂತೆ ಮಾಡಬೇಕಾದಾಗ ಇಂಥ ಹಸ್ತಗಳು ಅತ್ಯಂತ ಉಪಯುಕ್ತ. ಆದರೆ ವಾಕ್ಯದಲ್ಲಿ ನಾಮಪದಕ್ಕೆ ಯಾವ ಮಿತಿಯುಂಟೋ ಆ ಮಿತಿ ಇವುಗಳಿಗೂ ಉಂಟು. ಅವು ವಸ್ತುವನ್ನು ಹೆಸರಿಸುತ್ತವೆ. ಅದರೊಡನೆ ಮನುಷ್ಯನಿಗಿರುವ ಸಂಬಂಧವನ್ನು ಹೇಳುವುದಿಲ್ಲ.

ಸಂಬಂಧವನ್ನು ಹೇಳುವ ಶಕ್ತಿಯು ಸಂಯುತಹಸ್ತಗಳಿಗೆ ಇಲ್ಲವೆಂದಲ್ಲ. ಪಾಶ ಮತ್ತು ಕೀಲಕಗಳೇ ಇದಕ್ಕೆ ನಿದರ್ಶನ. ಎರಡು ಕೈಗಳ ತೋರುಬೆರಳುಗಳು ಬಾಗಿ ಒಂದಕ್ಕೊಂದು ತೊಡರಿದರೆ ಪಾಶ. ಅದರ ಅರ್ಥ ಪರಸ್ಪರ ಕಲಹ, ಹಗ್ಗದ ಕುಣಿಕೆ, ಸಂಕೋಲೆ. ಕಿರುಬೆರಳುಗಳು ಹಾಗೆಯೇ ತೊಡರಿದರೆ ಕೀಲಕ. ಅದರ ಅರ್ಥ ಸ್ನೇಹ, ಸರಸಸಂಭಾಷಣೆ. ತೊಡರುವ ಕ್ರಿಯೆ ಒಂದೇ. ಬೆರಳು ಬೇರೆಯಾದೊಡನೆ ಬಂಧನವು ಬಾಂಧವ್ಯವಾಗುತ್ತದೆ. ಆಜ್ಞೆಮಾಡುವ, ಗದರಿಸುವ ಬೆರಳು ತೋರುಬೆರಳು. ಕೈಯ ಬೆರಳುಗಳಲ್ಲೆಲ್ಲ ಬಲಹೀನವಾದುದು ಕಿರುಬೆರಳು. ಬಲವುಳ್ಳದ್ದು ಬಲವುಳ್ಳದ್ದನ್ನು ಹಿಡಿದರೆ ಕಲಹ, ಮೆಲುವಾದುದು ಮೆಲುವಾದುದನ್ನು ಹಿಡಿದರೆ ಸ್ನೇಹವೆಂಬ ಲೋಕಾನುಭವವು ಇಲ್ಲಿ ಕೈಯ ರೂಪವನ್ನು ತಾಳಿದೆಯೆಂದು ಸಹೃದಯನಿಗೆ ತೋರಿದರೆ ಆಶ್ಚರ್ಯವಿಲ್ಲ.

ಅಂಜಲಿಹಸ್ತವು ಇನ್ನೂ ಸೂಕ್ಷ್ಮ. ಪತಾಕಹಸ್ತಗಳೆರಡರ ಅಂಗೈಗಳನ್ನು ಕೂಡಿಸಿದರೆ ಅಂಜಲಿ. ದೇವತೆಗಳಿಗೆ ನಮಸ್ಕರಿಸುವಾಗ ಅದು ತಲೆಯ ಮೇಲೆ, ಗುರುಗಳಿಗೆ ಮುಖದ ಮುಂದೆ, ವಿಪ್ರರಿಗೆ ಎದೆಯ ಬಳಿ ಇರತಕ್ಕದ್ದೆಂದು ನಂದಿಕೇಶ್ವರನ ಮತ. ಎದೆಯ ಬಳಿಯ ಅಂಜಲಿಯನ್ನು ಭರತನು ಮಿತ್ರರಿಗೆ ಹೇಳಿದ್ದಾನೆ. ಕೈಯ ಆಕಾರ ಎಳ್ಳಷ್ಟೂ ಬದಲಾಗದೆ ಕೇವಲ ಸ್ಥಾನಭೇದದಿಂದ ಎದುರಿಗಿರುವವನು ಯಾರೆಂಬುದು ಇಲ್ಲಿ ತಿಳಿದುಬರುತ್ತದೆ. ಹಸ್ತದ ಅರ್ಥವು ಬೆರಳುಗಳಲ್ಲಿಯೇ ಮುಗಿಯುವುದಿಲ್ಲ; ಸ್ಥಾನ, ದೃಷ್ಟಿ, ಚಲನೆಗಳೂ ಸೇರಿದಾಗಲೇ ಅದು ಪೂರ್ಣವಾಗುತ್ತದೆ. ಕೈಯ ಹಿಂದೆ ದೃಷ್ಟಿಯೂ ದೃಷ್ಟಿಯ ಹಿಂದೆ ಮನಸ್ಸೂ ನಡೆದಾಗಲೇ ಭಾವವು ಉದಿಸುವುದೆಂಬ ಅಭಿನಯದರ್ಪಣದ ಪ್ರಸಿದ್ಧ ತತ್ತ್ವದ ತಾತ್ಪರ್ಯವೂ ಇದೇ.

ಕೇರಳದ ಸಂಪ್ರದಾಯವನ್ನು ಇಲ್ಲಿ ಹೋಲಿಸಿ ನೋಡಬಹುದು. ಕಥಕಳಿಯು ಆಧಾರವಾಗಿಟ್ಟುಕೊಂಡಿರುವ ಹಸ್ತಲಕ್ಷಣದೀಪಿಕೆಯು ಮೂಲಹಸ್ತಗಳನ್ನು ೨೪ ಎಂದು ಎಣಿಸಿ, ಒಂದೊಂದಕ್ಕೂ ಒಂಟಿ ಕೈಯ ಅರ್ಥಗಳನ್ನೂ ಜೋಡಿ ಕೈಗಳ ಅರ್ಥಗಳನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಅಲ್ಲಿ ಸಂಯುತವೆಂದರೆ ಎರಡು ಕೈಗಳಲ್ಲಿಯೂ ಅದೇ ಮುದ್ರೆಯನ್ನು ಹಿಡಿಯುವುದು. ಕೈಗಳು ಒಂದನ್ನೊಂದು ಮುಟ್ಟಲೇಬೇಕೆಂಬ ನಿಯಮವಿಲ್ಲ. ಎರಡು ಕೈಗಳಲ್ಲಿ ಎರಡು ಬೇರೆ ಮುದ್ರೆಗಳಿದ್ದರೆ ಅದು ಮಿಶ್ರ. ಸಂಯುತಹಸ್ತವೆಂಬ ಹೆಸರು ಒಂದಾದರೂ ಅದರ ಕಲ್ಪನೆಯು ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬದಲಾಗಿದೆ. ಶಾಸ್ತ್ರವು ಒಂದೇ ಕಲ್ಲಿನಲ್ಲಿ ಕಡೆದ ಮೂರ್ತಿಯಲ್ಲ. ಪ್ರಯೋಗದ ಅಗತ್ಯಕ್ಕೆ ತಕ್ಕಂತೆ ಅದು ಹಿಗ್ಗಿದೆ, ಕುಗ್ಗಿದೆ.

ಈ ಹಿನ್ನೆಲೆಯಲ್ಲಿ ಶಿವಲಿಂಗಹಸ್ತವನ್ನು ಪರಿಶೀಲಿಸಬೇಕು. ಅಭಿನಯದರ್ಪಣವು ಅದಕ್ಕೆ ಹೇಳುವ ವಿನಿಯೋಗ ಒಂದೇ: ಶಿವಲಿಂಗವನ್ನು ತೋರಿಸುವುದು. ಶಿವನ ಮೂರ್ತಿಯನ್ನು ತೋರಿಸಲು ಅದೇ ಗ್ರಂಥವು ಎಡಗೈಯಲ್ಲಿ ಮೃಗಶೀರ್ಷ, ಬಲಗೈಯಲ್ಲಿ ತ್ರಿಪತಾಕವುಳ್ಳ ದೇವತಾಹಸ್ತವನ್ನು ಬೇರೆಯಾಗಿ ಹೇಳಿದೆ. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಶಿಲ್ಪಿಯು ನಟರಾಜನಿಗೆ ೧೮ ಕೈಗಳನ್ನು ಕೊಡಬಲ್ಲವನಾದನು. ನರ್ತಕಿಗೆ ಇರುವುವು ಎರಡೇ. ಆ ಎರಡನ್ನೂ ಶಿವಲಿಂಗಹಸ್ತವು ತೆಗೆದುಕೊಂಡುಬಿಡುತ್ತದೆ. ಅರ್ಧಚಂದ್ರದ ಎಡಗೈ ಪೀಠ, ಶಿಖರದ ಬಲಗೈ ಲಿಂಗ. ಅವೆರಡೂ ಲಿಂಗವಾಗಿ ನಿಂತ ಮೇಲೆ ಪೂಜಿಸುವುದಕ್ಕೆ ಕೈ ಉಳಿಯುವುದಿಲ್ಲ. ಆ ಕ್ಷಣದಲ್ಲಿ ಲಿಂಗವುಂಟು, ನೋಡುವ ಸಭೆಯುಂಟು. ಭಕ್ತನು ಮಾತ್ರ ಇಲ್ಲ.

ದೇವಾಲಯದ ಲಿಂಗವನ್ನು ವರ್ಣಿಸುವ ಕೃತಿಗಳಲ್ಲಿ ಇದು ಕೊರತೆಯಲ್ಲ. ಲಿಂಗವು ಗರ್ಭಗುಡಿಯಲ್ಲಿದೆ, ಭಕ್ತನು ಹೊರಗೆ ನಿಂತಿದ್ದಾನೆ. ಲಿಂಗವನ್ನು ಮೊದಲು ತೋರಿಸಿ, ಅನಂತರ ಹಸ್ತವನ್ನು ಬಿಡಿಸಿ ಪುಷ್ಪಪುಟವನ್ನೋ ಅಂಜಲಿಯನ್ನೋ ಹಿಡಿದರೆ ಅರ್ಥ ಸರಿಹೋಗುತ್ತದೆ. ಆದರೆ ೧೨ನೆಯ ಶತಮಾನದ ಶರಣರು ಲಿಂಗವೆಂದಾಗ ಬಹುಮಟ್ಟಿಗೆ ಉದ್ದೇಶಿಸುವುದು ಇಷ್ಟಲಿಂಗವನ್ನು. ಅದು ಗುರುವಿನ ಕೈಯಿಂದ ಶಿಷ್ಯನ ಕೈಗೆ ಬಂದುದು. ಅಂಗದ ಮೇಲೆ ಧರಿಸುವಂಥದು. ಪೂಜೆಯ ಕಾಲದಲ್ಲಿ ಎಡಗೈಯ ಅಂಗೈಯನ್ನೇ ಪೀಠವಾಗಿ ಮಾಡಿಕೊಂಡು ನೆಲಸುವಂಥದು. ಈ ಅಂಗೈಯೇ ಕರಸ್ಥಲ. ಬಲಗೈಯು ವಿಭೂತಿಯನ್ನೂ ಪತ್ರೆಯನ್ನೂ ಅರ್ಪಿಸುತ್ತದೆ; ದೃಷ್ಟಿಯು ಲಿಂಗದಲ್ಲಿ ನಟ್ಟು ನಿಲ್ಲುತ್ತದೆ. ಇಲ್ಲಿ ಒಂದು ಕೈ ಪೀಠ, ಮತ್ತೊಂದು ಕೈ ಭಕ್ತ. ಎರಡು ಕೈಗಳು ಕೂಡಿ ಒಂದು ವಸ್ತುವಾಗುವುದಿಲ್ಲ. ಎರಡು ಕೈಗಳು ಕೂಡಿ ಒಂದು ಸಂಬಂಧವಾಗುತ್ತವೆ.

ಸೋಜಿಗವೆಂದರೆ ಈ ಎರಡು ಭಂಗಿಗಳಿಗೂ ಎಡಗೈ ಬಹುಮಟ್ಟಿಗೆ ಸಮಾನವಾದುದೇ. ಎರಡರಲ್ಲಿಯೂ ಎದೆಯ ಮುಂದೆ ಹರಡಿದ ಅಂಗೈ ಪೀಠವಾಗಿದೆ. ಭೇದವಿರುವುದು ಬಲಗೈಯಲ್ಲಿ. ಬಲಗೈ ಶಿಖರವಾಗಿ ಲಿಂಗದ ಪಾತ್ರವನ್ನು ವಹಿಸಿದರೆ ಅದು ಸ್ಥಾವರ. ಬಲಗೈ ಬಿಡುವಾಗಿ ಅರ್ಚನೆಗೆ ತೊಡಗಿ, ಬರಿದಾದ ಅಂಗೈಯಲ್ಲಿ ದೃಷ್ಟಿಯೇ ಲಿಂಗವನ್ನು ಕಾಣಿಸಿದರೆ ಅದು ಕರಸ್ಥಲ. ಮೊದಲನೆಯದರಲ್ಲಿ ಲಿಂಗವನ್ನು ಬೆರಳು ತೋರಿಸುತ್ತದೆ, ಎರಡನೆಯದರಲ್ಲಿ ಕಣ್ಣು ತೋರಿಸುತ್ತದೆ. ಹಸ್ತಕ್ಕಿಂತ ದೃಷ್ಟಿ, ದೃಷ್ಟಿಗಿಂತ ಮನಸ್ಸು ಅಂತರಂಗಕ್ಕೆ ಹತ್ತಿರವೆಂಬ ನಾಟ್ಯತತ್ತ್ವಕ್ಕೆ ಎರಡನೆಯದೇ ಹೆಚ್ಚು ಸಮೀಪವಾದುದು.

ಶಾಸ್ತ್ರೋಕ್ತವಾದ ಹಸ್ತವನ್ನು ಬಿಡುವುದು ಶಾಸ್ತ್ರಕ್ಕೆ ಎಸಗುವ ಅಪಚಾರವಲ್ಲವೇ ಎಂಬ ಆಕ್ಷೇಪಣೆ ಇಲ್ಲಿ ಬರಬಹುದು. ಶಾಸ್ತ್ರವನ್ನೇ ಕೇಳಿದರೆ ಇದಕ್ಕೆ ಸಮಾಧಾನ ದೊರೆಯುತ್ತದೆ. ನಂದಿಕೇಶ್ವರನು ಲಿಂಗದ ದರ್ಶನಕ್ಕೆ ಶಿವಲಿಂಗಹಸ್ತವನ್ನು ಹೇಳಿದನೇ ಹೊರತು ಪೂಜೆಗೆ ಅದನ್ನು ಹೇಳಲಿಲ್ಲ. ಪೂಜೆಗೆ ಕಟಕಾವರ್ಧನವನ್ನೂ, ಆರತಿ ಮಂತ್ರಪುಷ್ಪಗಳಿಗೆ ಪುಷ್ಪಪುಟವನ್ನೂ ಬೇರೆಯಾಗಿ ವಿಧಿಸಿದನು. ಮತ್ಸ್ಯಾವತಾರವನ್ನು ತೋರಿಸುವಾಗಲೂ ಮತ್ಸ್ಯಹಸ್ತವೊಂದೇ ಸಾಲದೆ, ಅದನ್ನು ತೋರಿಸಿದ ಮೇಲೆ ಎರಡು ತ್ರಿಪತಾಕಗಳನ್ನು ಭುಜದ ಸಮಕ್ಕೆ ಹಿಡಿಯಬೇಕೆಂದನು. ಮೀನು ಬೇರೆ, ಮೀನಾಗಿ ಬಂದ ದೇವರು ಬೇರೆಯೆಂಬ ಎಚ್ಚರ ಅವನಿಗಿತ್ತು. ವಸ್ತುವನ್ನು ತೋರಿಸುವುದಕ್ಕೂ ಅದಕ್ಕೆ ಶರಣಾಗುವುದಕ್ಕೂ ಇರುವ ಅಂತರವನ್ನು ಶಾಸ್ತ್ರಕಾರನೇ ಕಾಪಾಡಿರುವಾಗ, ಪ್ರಯೋಗದಲ್ಲಿ ಅದನ್ನು ಅಳಿಸುವುದೇ ಶಾಸ್ತ್ರಕ್ಕೆ ದೂರವಾದುದು.

ಇದೇ ತೊಡಕು ಬಸವಣ್ಣನವರ ದೇಹದೇಗುಲದ ವಚನದ ಅಭಿನಯದಲ್ಲಿಯೂ ಎದುರಾಗುತ್ತದೆ. ಸಿರಿವಂತರು ಕಟ್ಟುವ ಗುಡಿಗೆ ಪ್ರತಿಯಾಗಿ ಭಕ್ತನು ತನ್ನ ಒಡಲನ್ನೇ ಗುಡಿಯಾಗಿ ಮುಂದಿಡುವುದು ಅಲ್ಲಿನ ತಾತ್ಪರ್ಯ. ಕಂಬವೆಂಬ ಮಾತಿಗೆ ಗಾಳಿಯಲ್ಲಿ ಕಂಬವನ್ನೂ, ಕಲಶವೆಂಬ ಮಾತಿಗೆ ಗಾಳಿಯಲ್ಲಿ ಕಲಶವನ್ನೂ ಕೈಗಳಿಂದ ಬರೆದರೆ ಪದಗಳ ಅರ್ಥ ದೊರೆತು ವಾಕ್ಯದ ಅರ್ಥ ಕೈಬಿಡುತ್ತದೆ. ವಚನವು ಅಲ್ಲಗಳೆದ ಕಲ್ಲಿನ ಗುಡಿಯನ್ನೇ ಕೈಗಳು ಮತ್ತೆ ಕಟ್ಟಿದಂತಾಗುತ್ತದೆ. ಪದಾರ್ಥಾಭಿನಯವನ್ನು ಹಿತಮಿತವಾಗಿರಿಸಿ, ಕೈಗಳನ್ನು ದೇಹದ ಕಡೆಗೇ ತಿರುಗಿಸಿ, ನಿಂತ ನಿಲುವೇ ಗುಡಿಯೆಂಬ ಭಾವವನ್ನು ತರುವುದು ಅಲ್ಲಿ ಉಚಿತ.

ಹೀಗೆಂದಮಾತ್ರಕ್ಕೆ ವಚನಾಭಿನಯದಿಂದ ಶಿವಲಿಂಗಹಸ್ತವನ್ನು ಬಹಿಷ್ಕರಿಸಬೇಕೆಂದಲ್ಲ. ಅಕ್ಕಮಹಾದೇವಿಯು ಹಂಬಲಿಸುವ ಚೆನ್ನಮಲ್ಲಿಕಾರ್ಜುನನನ್ನು ಶ್ರೀಶೈಲದ ಕ್ಷೇತ್ರದೊಡನೆ ಕೂಡಿಸಿ ತೋರಿಸಬೇಕಾದ ಎಡೆಯಲ್ಲಿ ಅದು ಯುಕ್ತವೇ. ದೂರದಲ್ಲಿ ಕುಳಿತ ಪ್ರೇಕ್ಷಕನಿಗೆ ಬರಿಯ ಅಂಗೈಯೂ ದೃಷ್ಟಿಯೂ ಕಾಣದೆ ಹೋಗಬಹುದಾದ್ದರಿಂದ, ಲಿಂಗವೆಂಬ ಮಾತು ಮೊದಲು ಬಂದಾಗ ಶಿವಲಿಂಗಹಸ್ತವನ್ನು ಒಮ್ಮೆ ತೋರಿಸಿ, ಮರುಸಲ ಶಿಖರವನ್ನು ಮೆಲ್ಲನೆ ಬಿಡಿಸಿ, ಎಡಗೈಯನ್ನು ಇದ್ದಲ್ಲಿಯೇ ಉಳಿಸಿಕೊಂಡು ಕರಸ್ಥಲಕ್ಕೆ ಸಾಗುವ ಕ್ರಮವನ್ನು ಅನುಸರಿಸಬಹುದು. ಸ್ಥಾವರದಿಂದ ಇಷ್ಟಲಿಂಗಕ್ಕೆ ಬಂದ ಪಯಣವು ಆಗ ಮಾತಿಲ್ಲದೆ, ಬಲಗೈಯೊಂದರ ಚಲನೆಯಿಂದಲೇ ವ್ಯಕ್ತವಾಗುತ್ತದೆ.

ಭರತನ ೧೩ ಹಸ್ತಗಳು ನಂದಿಕೇಶ್ವರನಲ್ಲಿ ೨೩ ಆದುವು. ಕೇರಳದಲ್ಲಿ ಬೇರೊಂದು ಗಣನೆಯನ್ನು ಪಡೆದುವು. ಹೊಸ ವಸ್ತುವು ರಂಗಕ್ಕೆ ಬಂದಾಗಲೆಲ್ಲ ಕೈಗಳು ಅದಕ್ಕೆ ತಕ್ಕ ಮಾತನ್ನು ಕಲಿತಿವೆ. ವಚನವೂ ಅಂಥದೊಂದು ವಸ್ತು. ಅದನ್ನು ಕುಣಿಯಲು ಹೊರಟ ಕೈಗಳು ದೇವಾಲಯದಿಂದ ಕಲಿತ ಮಾತನ್ನೇ ಆಡಿ ನಿಲ್ಲದೆ, ಅಂಗೈಯ ಮಾತನ್ನೂ ಕಲಿಯಬೇಕಾಗಿದೆ.